ಆಶುನೃತ್ಯದ ತಾಲೀಮು

ಡ್ರಿಲ್ ಮೇಷ್ಟ್ರು ನಿದ್ದೆ ಮಾಡಿ ಪ್ರಶಸ್ತಿ ಪಡೆದದ್ದು ಹೀಗೆ.

ಶಾಲೆಯ ಮಕ್ಕಳಿಗೆ ಸೃಜನಶೀಲ ನೃತ್ಯ ಕಲಿಸಬೇಕೆಂದು ಇಲಾಖೆಗೆ ಒಂದು ದಿನ ಹೊಳೆಯಿತು. ಒಂದೊಂದು ಶಾಲೆಯಿಂದ ಒಬ್ಬೊಬ್ಬರು ತರಬೇತಿಗೆ ಹೋಗಬೇಕೆಂದು ಆದೇಶ ಬಂತು. ಗಣಿತದವರಿಗೆ ಪರೀಕ್ಷೆ ಹತ್ತಿರವಿತ್ತು, ವಿಜ್ಞಾನದವರಿಗೆ ಮೊಣಕಾಲು ನೋವಿತ್ತು, ಭಾಷೆಯವರಿಗೆ ಮಾನವಿತ್ತು. ಇವು ಮೂರೂ ಇಲ್ಲದೆ ಉಳಿದವರು ಡ್ರಿಲ್ ಮೇಷ್ಟ್ರು ಒಬ್ಬರೇ.

ತರಬೇತಿ ನಡೆದದ್ದು ಒಂದು ದೊಡ್ಡ ಹಾಲಿನಲ್ಲಿ. ನೆಲಕ್ಕೆ ಮೆತ್ತನೆಯ ಜಮಖಾನ, ಕಿಟಕಿಗೆ ಪರದೆ, ಮೇಲೆ ಸದ್ದಿಲ್ಲದೆ ತಿರುಗುವ ಫ್ಯಾನು. ಕಲಿಸುವಾಕೆ ಮೆಲ್ಲನೆಯ ದನಿಯಲ್ಲಿ, "ಎಲ್ಲರೂ ಮಲಗಿ. ನೀವೊಂದು ಬೀಜ. ಮಣ್ಣಿನೊಳಗಿದ್ದೀರಿ. ಮೊಳಕೆ ಒಡೀಬೇಕು ಅಂತ ಒಳಗಿಂದ ಅನ್ನಿಸಿದಾಗ ಮಾತ್ರ ಏಳಿ" ಎಂದರು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಸೀಟಿ ಊದಿದ ಮನುಷ್ಯನಿಗೆ ಕೆಲಸದ ಹೊತ್ತಿನಲ್ಲಿ ಮಲಗಿ ಎಂದು ಯಾರೂ ಅದುವರೆಗೆ ಹೇಳಿರಲಿಲ್ಲ. ಮೇಷ್ಟ್ರು ಮಲಗಿದರು. ಮಿಕ್ಕ ಬೀಜಗಳೆಲ್ಲ ಮೊಳೆತು, ಗಿಡವಾಗಿ, ಮರವಾಗಿ, ಹಣ್ಣು ಬಿಟ್ಟು, ಊಟವನ್ನೂ ಮುಗಿಸಿ ಬಂದವು. ಈ ಒಂದು ಬೀಜಕ್ಕೆ ಮಾತ್ರ ಏಳಬೇಕೆಂದು ಅನ್ನಿಸಲೇ ಇಲ್ಲ. ಮಾರನೆಯ ದಿನ ಅವರು ಬಂಡೆಯಾದರು. ಅದರ ಮಾರನೆಯ ದಿನ ಸರೋವರವಾದರು. ಮೂರಕ್ಕೂ ಭಂಗಿ ಒಂದೇ.

ಮುಗಿಯುವ ದಿನ ಆಕೆ ಎಲ್ಲರೆದುರು ಕಣ್ಣೊರೆಸಿಕೊಂಡರು. "ನಾವೆಲ್ಲ ಬೀಜದ ಥರ ನಟಿಸಿದ್ವಿ. ಇವರು ಬೀಜವೇ ಆಗಿಬಿಟ್ರು. ನಡುವೆ ಒಂದು ಗುರುಗುರು ಸದ್ದು ಕೇಳಿಸ್ತು. ಭೂಮಿಯ ಹೊಟ್ಟೆಯೊಳಗಿನ ಸದ್ದು ಅದು" ಎಂದು ಹೇಳಿ, ಅತ್ಯುತ್ತಮ ಶಿಬಿರಾರ್ಥಿ ಎಂಬ ಚೌಕಟ್ಟು ಹಾಕಿದ ಪ್ರಶಸ್ತಿಪತ್ರವನ್ನು ಕೈಗಿತ್ತರು.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಮನೆಗೆ ಬಂದರೆ ಷಡ್ಡಕ ಕುಳಿತಿದ್ದ. ಹೆಂಡತಿಯ ತಂಗಿಯ ಗಂಡ. ಊರಿನ ಆಚೆ ತುದಿಯ ದೊಡ್ಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮಾವನ ಮನೆಗೆ ಇಬ್ಬರೂ ಹೋದರೆ ಅವನಿಗೆ ಕೈಯಿರುವ ಕುರ್ಚಿ, ಇವರಿಗೆ ಸ್ಟೂಲು. ಹೆಂಡತಿ ಪ್ರಶಸ್ತಿಪತ್ರವನ್ನು ಗಟ್ಟಿಯಾಗಿ ಎರಡು ಸಲ ಓದಿದಳು.

"ಅಣ್ಣ, ನೀವು ಕುಣಿದ್ರಾ?" ಎಂದ ಷಡ್ಡಕ, ನಗುವನ್ನು ಲೋಟದೊಳಗೆ ಅಡಗಿಸುತ್ತ.

"ಕುಣಿಯೋದು ಅಂದ್ರೆ ನೀವೆಲ್ಲ ತಿಳ್ಕೊಂಡಿರೋ ಹಾಗೆ ಕೈಕಾಲು ಆಡಿಸೋದಲ್ಲಪ್ಪ. ಒಳಗಿಂದ ಬರಬೇಕು."

"ಒಳಗಿಂದ ಏನು ಬರಬೇಕು?"

"ಅದು ಬಂದಾಗ ಗೊತ್ತಾಗುತ್ತೆ."

ಹೆಂಡತಿ ಗಂಡನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಗೆ ನೋಡಿದ್ದಳು. ಅಂಥ ನೋಟ ಸಿಕ್ಕಿದ ಮೇಲೆ, ನಾನು ಗೊರಕೆ ಹೊಡೆಯುತ್ತಿದ್ದೆ ಎಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಹೀಗೆ ಡ್ರಿಲ್ ಮೇಷ್ಟ್ರು ನೃತ್ಯದ ಮೇಷ್ಟ್ರೂ ಆದರು. ಶಾಲೆಯ ಹೆಡ್ ಮೇಡಂ ಮೇಷ್ಟ್ರನ್ನು ಕರೆದು, "ಇದು ಆಶುನೃತ್ಯ. ಮೊದಲೇ ಕಲಿತದ್ದಲ್ಲ, ಆ ಕ್ಷಣಕ್ಕೆ ಮೈಗೆ ತೋಚಿದ್ದು. ಇನ್ನೊಂದು ವಿಷಯ, ಎಲ್ಲ ಮಕ್ಕಳೂ ಒಟ್ಟಿಗೆ ಇರಬೇಕು. ಹಿಂದಿನ ಕೋಣೆಯವರೂ" ಎಂದರು.

ಹಿಂದಿನ ಕೋಣೆ ಎಂದರೆ ಶಾಲೆಯ ಹಿತ್ತಲಿನ ಒಂದು ಕೋಣೆ. ನಡೆಯಲಾಗದವರು, ಕಾಣದವರು, ಪಾಠ ನಿಧಾನವಾಗಿ ತಲೆಗೆ ಹತ್ತುವವರು, ಎಲ್ಲರನ್ನೂ ಅಲ್ಲಿ ಬೇರೆಯಾಗಿ ಕೂರಿಸುತ್ತಿದ್ದರು. ಮುಂದಿನ ಹಾಲಿಗೆ ಅವರು ಬರುವಂತಾದದ್ದು ಈ ಒಂದು ಪೀರಿಯಡ್ಡಿಗೆ ಮಾತ್ರ. ಗಾಲಿಕುರ್ಚಿಯಲ್ಲಿ ಬರುವ ಹುಡುಗಿಗೆ ಮಹಾರಾಣಿ ಎಂದು ಹೆಸರು ಬಿದ್ದಿತ್ತು, ಕುರ್ಚಿಯಿಂದಲ್ಲ, ನಾಲಿಗೆಯಿಂದ. ಕಣ್ಣು ಕಾಣದ ಹುಡುಗ ರೇಡಿಯೊ. ಕಿವಿಗೆ ಬಿದ್ದದ್ದನ್ನೆಲ್ಲ ಊರಿಗೆ ಬಿತ್ತರಿಸುತ್ತಿದ್ದ. ಇನ್ನೊಬ್ಬಳಿಗೆ ಆಮೇಲೆ ಎಂದೇ ಹೆಸರು. ಏನು ಹೇಳಿದರೂ ಅವಳು ಅದನ್ನು ಒಂದಷ್ಟು ಹೊತ್ತು ಒಳಗೆ ಇಟ್ಟುಕೊಂಡು, ಎಲ್ಲರೂ ಮರೆತ ಮೇಲೆ ಮಾಡುತ್ತಿದ್ದಳು. ಮಾತು ಕಡಿಮೆ.

ಮೊದಲ ದಿನ ಮೇಷ್ಟ್ರು ತಮಗೆ ಗೊತ್ತಿದ್ದ ಒಂದೇ ಪಾಠ ಶುರು ಮಾಡಿದರು.

"ಎಲ್ಲರೂ ಮಲಗಿ. ನೀವೊಂದು ಬೀಜ."

"ಸರ್, ನಾನು ಕೆಳಗೆ ಮಲಗಿದ್ರೆ ಎತ್ತಿ ಕೂರಿಸೋಕೆ ಇಬ್ಬರು ಬೇಕು. ನಾನು ಕುಂಡದಲ್ಲಿರೋ ಬೀಜ ಆಗ್ತೀನಿ" ಎಂದಳು ಮಹಾರಾಣಿ.

"ಸರ್, ಎಷ್ಟು ಹೊತ್ತು?" ಎಂದ ರೇಡಿಯೊ ನೆಲದಿಂದ. "ನನ್ನ ಪಕ್ಕದ ಬೀಜ ಏನೋ ತಿಂತಾ ಇದೆ."

ಮಕ್ಕಳಿಗೆ ನಿದ್ದೆ ಬರಲಿಲ್ಲ. ಬಂದದ್ದು ಮೇಷ್ಟ್ರಿಗೆ. ಬೆಲ್ ಹೊಡೆದಾಗ ಎಲ್ಲರೂ ಎದ್ದು ಹೋದರು. ಆಗ ಆಮೇಲೆ ಬಂದು ಮಲಗಿದಳು.

ಇದು ಹೀಗೇ ತಣ್ಣಗೆ ನಡೆಯುತ್ತಿತ್ತೇನೋ. ಆದರೆ ಹೆಡ್ ಮೇಡಂ ಒಂದು ಬೆಳಿಗ್ಗೆ ಹಾಲಿಗೆ ಬಂದು ನಿಂತರು.

"ಬರೋ ತಿಂಗಳು ಇನ್‌ಸ್ಪೆಕ್ಟರ್ ಮೇಡಂ ಬರ್ತಾರೆ. ಅವರಿಗೆ ಒಪ್ಪಿಗೆ ಆದ್ರೆ ಕ್ಲಾಸು ಉಳಿಯುತ್ತೆ. ಇಲ್ದಿದ್ರೆ ಇಲ್ಲ."

"ಆಗದಿದ್ರೆ ನಾವು?" ಎಂದಳು ಮಹಾರಾಣಿ.

ಹೆಡ್ ಮೇಡಂ ಸೆರಗಿನ ಅಂಚನ್ನು ಸರಿಮಾಡಿಕೊಂಡರು. ಅಂಚು ಸರಿಯಾಗಿಯೇ ಇತ್ತು. ಅವರು ಹೋದ ಮೇಲೆ ಮಹಾರಾಣಿ ಕುರ್ಚಿಯನ್ನು ಉರುಳಿಸಿಕೊಂಡು ಮೇಷ್ಟ್ರ ಹತ್ತಿರ ಬಂದಳು. "ಸರ್, ಹಾಳು ಮಾಡ್ಬೇಡಿ. ಹಿಂದಿನ ರೂಮಿಗೆ ಒಂದೇ ಕಿಟಕಿ. ಅದನ್ನ ತೆಗೆದ್ರೆ ಗೋಡೆ ಕಾಣುತ್ತೆ."

ಆ ಸಂಜೆ ಷಡ್ಡಕ ತಾನಾಗಿಯೇ ಸುದ್ದಿ ತಂದ. "ನಮ್ಮ ಶಾಲೆಗೆ ಬಂದಿದ್ರು ಅಣ್ಣ ಆಯಮ್ಮ. ಎಲ್ಲಿ ಹೋದ್ರೂ ಒಂದೇ ವಿಷಯ ಕೊಡ್ತಾರಂತೆ. ಹಗ್ಗದ ಮೇಲೆ ಬಟ್ಟೆ ಒಣಹಾಕಿದೆ, ಗಾಳಿ ಬೀಸ್ತಿದೆ, ಕುಣೀರಿ ಅಂತ. ನಮ್ಮ ಮಕ್ಕಳು ಬಟ್ಟೆ ಒದ್ದೆ ಇದೆ ಅನ್ನೋ ಹಾಗೆ ಸುಮ್ನೆ ನಿಂತ್ಬಿಟ್ರು. ಕ್ಲಾಸು ಮುಚ್ಚಿಹೋಯ್ತು. ನಿಮಗೇನು ಬಿಡಿ, ನಿಮ್ಮದು ಒಳಗಿಂದ ಬರುತ್ತೆ."

ಷಡ್ಡಕ ಚುಚ್ಚಲೆಂದು ಹೇಳಿದ್ದು. ಮೇಷ್ಟ್ರಿಗೆ ಅದು ವರವಾಗಿ ಕೇಳಿಸಿತು. ಪ್ರಶ್ನೆಪತ್ರಿಕೆಯೇ ಸಿಕ್ಕಿದ ಮೇಲೆ ಹೆದರಿಕೆ ಏನು? ಆಶುನೃತ್ಯವನ್ನು ಚೆನ್ನಾಗಿ ತಾಲೀಮು ಮಾಡಿಸಿಬಿಟ್ಟರೆ ಆಯಿತು. ಈ ಆಲೋಚನೆಯಲ್ಲಿ ಏನೋ ಒಂದು ತೊಡಕಿದೆ ಎಂದು ಲೋಕದಲ್ಲಿ ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಸಾಲಾಗಿ ನಿಲ್ಲುವುದೇ ಜೀವನವೆಂದು ನಂಬಿದ ಮನುಷ್ಯ ಅವರು. ಮನಸ್ಸಿಗೆ ತೋಚಿದ್ದು ಕೂಡ ಸಾಲಾಗಿ ಬರಬೇಕು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಮೊದಲು ತಾವು ಬಟ್ಟೆಯನ್ನು ಅರಿಯಬೇಕು. ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಸ್ಟೂಲು ಹಾಕಿಕೊಂಡು, ಕೆಳಮನೆಯ ಲಾಯರು ಒಣಹಾಕಿದ್ದ ಬಟ್ಟೆಗಳೆದುರು ಕುಳಿತರು. ಲಾಯರು ಬಕೆಟ್ಟು ಹಿಡಿದು ಬಂದಾಗಲೂ ಕಣ್ಣು ತೆಗೆಯಲಿಲ್ಲ.

"ಏನ್ ಮೇಷ್ಟ್ರೇ, ನಮ್ಮ ಬಟ್ಟೆ ಮೇಲೆ ಕಣ್ಣು?"

"ಅಭ್ಯಾಸ ಮಾಡ್ತಿದ್ದೀನಿ."

"ಏನನ್ನ?"

"ನಿಮ್ಮ ಬೆಡ್‌ಶೀಟನ್ನ. ಅಂಗಿ ನೆನ್ನೆ ಮುಗೀತು."

ಲಾಯರು ವೃತ್ತಿಯಲ್ಲಿ ಎಷ್ಟೋ ಬಗೆಯ ಉತ್ತರ ಕೇಳಿದವರು. ಬಕೆಟ್ಟು ಇಳಿಸಿದರು. ಅಷ್ಟರಲ್ಲಿ ಮೇಷ್ಟ್ರು ಎದ್ದು, ಅಂಗಿಯ ಎರಡೂ ಭುಜಕ್ಕೆ ಕ್ಲಿಪ್ಪು ಸಿಕ್ಕಿಸಿಕೊಂಡು, ಹಗ್ಗಕ್ಕೆ ಮೈಕೊಟ್ಟು ಅತ್ತಿತ್ತ ತೂಗತೊಡಗಿದರು. ಲಾಯರು ಮೆಟ್ಟಿಲ ಹತ್ತಿರ ಹೋಗಿ ಕೆಳಗೆ ಬಗ್ಗಿದರು.

"ಅಮ್ಮಾ, ಸ್ವಲ್ಪ ಮೇಲೆ ಬರ್ತೀರಾ? ನಿಮ್ಮ ಯಜಮಾನ್ರನ್ನ ನೀವೇ ಒಣಗೋಕೆ ಹಾಕಿದ್ದಾ, ಇಲ್ಲ ಅವರೇ ಹಾಕ್ಕೊಂಡಿದ್ದಾ?"

ಹೆಂಡತಿ ಬಂದಳು. ಒಂದು ಗಳಿಗೆ ನೋಡಿದಳು. ಪ್ರಶಸ್ತಿ ಪಡೆದವರ ಹೆಂಡತಿ, ಗಾಬರಿಯಾಗಲಿಲ್ಲ. "ರೀ, ಬೆಡ್‌ಶೀಟು ಹಾಗೆ ಒದರಾಡಲ್ಲ. ಮೊದಲು ಹೊಟ್ಟೆ ಉಬ್ಬಿಸುತ್ತೆ, ಆಮೇಲೆ ಅಂಚು. ಜೀವಮಾನವೆಲ್ಲ ನಾನು ಒಣಹಾಕಿದ್ದೀನಿ, ನನ್ನ ಕೇಳಬಾರದಾ?" ಎಂದು ಪಕ್ಕದಲ್ಲಿ ನಿಂತು ತಿದ್ದತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಸಂಜೆಗೆ ಮೂಲೆ ಮನೆಯ ಡಾಕ್ಟರು, ಸುಮ್ಮನೆ ಬಂದೆ ಎಂದು ಹೇಳುತ್ತ, ಚೀಲ ಹಿಡಿದೇ ಬಂದರು. ಮೇಷ್ಟ್ರ ನಾಡಿ ಹಿಡಿದು ಮೆಲ್ಲಗೆ ಕೇಳಿದರು.

"ಎಷ್ಟು ದಿನದಿಂದ ಬಟ್ಟೆ ಆಗಿದ್ದೀರಿ?"

"ಶುರು ಮಾಡಿದ್ದೇ ನೆನ್ನೆ. ಬರೋ ತಿಂಗಳ ತನಕ ಇರುತ್ತೆ."

"ಯಾವ ಬಟ್ಟೆ?"

"ಸದ್ಯಕ್ಕೆ ಟವೆಲು. ಬೆಡ್‌ಶೀಟಿಗೆ ಇನ್ನೂ ಸಾಲದು ಅಂತಾಳೆ ಇವಳು."

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಅವಳ ನಾಡಿಯನ್ನೂ ನೋಡಿ, ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಟ್ಟು ಹೋದರು.

ಶಾಲೆಯಲ್ಲಿ ತಾಲೀಮು ಶುರುವಾಯಿತು. ಮಕ್ಕಳು ಸಾಲಾಗಿ ನಿಂತರು, ಸಾಲೇ ಹಗ್ಗ. ಸೀಟಿ ಮೇಷ್ಟ್ರ ಬಾಯಲ್ಲಿ.

"ನಾನು ಮೂರು ಅಂದಾಗ ಎಲ್ಲರೂ ಯೋಚಿಸ್ಬೇಕು. ನಾಲ್ಕು ಅಂದಾಗ ತಟ್ಟಂತ ಹೊಳೀಬೇಕು."

"ಏನು ಹೊಳೀಬೇಕು ಸರ್?"

"ಅದನ್ನ ನಾನು ಹೇಳ್ತೀನಿ."

ರೇಡಿಯೊನಿಗೆ ಗಾಳಿಯ ಪಾತ್ರ, ಬಾಯಲ್ಲೇ ಬೀಸುತ್ತಿದ್ದ. ಮಹಾರಾಣಿ ಕುರ್ಚಿ ಸಮೇತ ಬೆಡ್‌ಶೀಟು. ಆಮೇಲೆ ಮಾತ್ರ ಎಣಿಕೆಗೆ ಸಿಗಲಿಲ್ಲ. ಎಲ್ಲರೂ ಬಲಕ್ಕೆ ವಾಲಿ ನೆಟ್ಟಗಾದ ಮೇಲೆ ಅವಳು ಬಲಕ್ಕೆ ವಾಲುತ್ತಿದ್ದಳು. ಮೇಷ್ಟ್ರು ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡರು.

"ಸರ್, ಅವಳು ದಪ್ಪ ಜಮಖಾನ" ಎಂದಳು ಮಹಾರಾಣಿ. "ಗಾಳಿ ನಮಗೆಲ್ಲ ತಾಗಿ, ಆಮೇಲೆ ಅವಳಿಗೆ ತಾಗುತ್ತೆ."

ಮೇಷ್ಟ್ರು ಯೋಚಿಸಿ, ಜಮಖಾನಕ್ಕೆ ಆರನೆಯ ಎಣಿಕೆ ಎಂದು ಆದೇಶ ಮಾಡಿದರು. ಅದು ತಮ್ಮದೇ ಐಡಿಯಾ ಎಂದು ಸಂಜೆ ಹೆಂಡತಿಗೆ ಹೇಳಿದರು ಕೂಡ.

ವಾರಗಳು ಕಳೆದಂತೆ ತಾಲೀಮು ಎಷ್ಟು ಚೆನ್ನಾಯಿತೆಂದರೆ ಮೇಷ್ಟ್ರಿಗೇ ಭಯವಾಯಿತು. "ಎಲ್ಲಾ ಸರಿಯಾಗಿ ಬಂದ್ರೆ ಅವರಿಗೆ ಅನುಮಾನ ಬರುತ್ತೆ. ಒಂದೆರಡು ತಪ್ಪು ಇರ್ಲಿ" ಎಂದು ತಪ್ಪುಗಳನ್ನೂ ಹಂಚಿದರು. ಒಬ್ಬ ಹುಡುಗನಿಗೆ ನಡುವೆ ಒಮ್ಮೆ ಸೀನಬೇಕೆಂದು ಹೇಳಿದರು. ಅವನು ಹಾದಿಬೀದಿಯಲ್ಲೆಲ್ಲ ಸೀನಿ ಅಭ್ಯಾಸ ಮಾಡಿ ಆಕ್ಷಿ ಎಂಬ ಹೆಸರು ಗಳಿಸಿದ. ಸೀನಿನ ರಭಸಕ್ಕೆ ಒಂದು ಅಂಗಿ ಹಗ್ಗದಿಂದ ಕಳಚಿ ಬೀಳಬೇಕು. ಅದು ಬಿದ್ದೊಡನೆ ಮೇಷ್ಟ್ರು ಹುಬ್ಬೇರಿಸಿ, "ಅರೆ, ಇದು ನನಗೂ ಗೊತ್ತಿರಲಿಲ್ಲವಲ್ಲ" ಎನ್ನಬೇಕು. ಆ ಹುಬ್ಬನ್ನು ಅವರು ಕನ್ನಡಿಯ ಮುಂದೆ ಪಳಗಿಸಿದ್ದರು.

ಆ ದಿನ ಬಂತು. ಇನ್‌ಸ್ಪೆಕ್ಟರ್ ಮೇಡಂ ಸಣ್ಣ ಆಕೃತಿಯವರು. ಕನ್ನಡಕ ಎದೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಮಾತಾಡುವುದಕ್ಕಿಂತ ಸುಮ್ಮನಿರುವುದರಲ್ಲೇ ಅವರಿಗೆ ಹೆಚ್ಚು ಪಳಗಿಕೆ. ಅವರು ಸುಮ್ಮನಿದ್ದಾಗ ಎದುರಿಗಿದ್ದವರಿಗೆ ತಾವು ಮಾಡಿದ, ಮಾಡದ ತಪ್ಪುಗಳೆಲ್ಲ ನೆನಪಾಗುತ್ತಿದ್ದವು. ಹೆಡ್ ಮೇಡಂ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತರು.

"ಹಗ್ಗದ ಮೇಲೆ ಬಟ್ಟೆ ಒಣಹಾಕಿದೆ. ಗಾಳಿ ಬೀಸ್ತಿದೆ. ನಿಮಗೆ ತೋಚಿದ್ದು ಮಾಡಿ" ಎಂದರು ಇನ್‌ಸ್ಪೆಕ್ಟರ್ ಮೇಡಂ.

ಮಕ್ಕಳೆಲ್ಲ ಒಟ್ಟಿಗೇ ಬೆರಳನ್ನು ಗಲ್ಲಕ್ಕಿಟ್ಟು ಯೋಚಿಸಿದರು. ಒಟ್ಟಿಗೇ ಎಲ್ಲರಿಗೂ ಹೊಳೆಯಿತು. ರೇಡಿಯೊ ಬೀಸಿದ. ಅಂಗಿಗಳು ವಾಲಿದವು, ಟವೆಲುಗಳು ಒದರಾಡಿದವು, ಬೆಡ್‌ಶೀಟು ಮೊದಲು ಹೊಟ್ಟೆ ಉಬ್ಬಿಸಿ ಆಮೇಲೆ ಅಂಚು ಆಡಿಸಿತು. ಆರನೆಯ ಎಣಿಕೆಗೆ ಜಮಖಾನ ಅಲುಗಿತು. ಆಕ್ಷಿ ಸೀನಿದ. ಅಂಗಿ ಬಿತ್ತು.

"ಅರೆ, ಇದು ನನಗೂ ಗೊತ್ತಿರಲಿಲ್ಲವಲ್ಲ" ಎಂದರು ಮೇಷ್ಟ್ರು.

ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರ್ ಮೇಡಂ ತಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು, "ಇನ್ನೊಂದು ಸಲ ಮಾಡಿ" ಎಂದರು.

ಡ್ರಿಲ್ಲಿನಲ್ಲಿ ಇನ್ನೊಂದು ಸಲ ಎಂದರೆ ಅರ್ಥ ಒಂದೇ. ಮಕ್ಕಳು ಬೆರಳನ್ನು ಗಲ್ಲಕ್ಕಿಟ್ಟರು. ಗಾಳಿ ಬೀಸಿತು. ಎಲ್ಲವೂ ಕೂದಲೆಳೆ ತಪ್ಪದೆ ಹಾಗೆಯೇ ಬಂತು. ಅದೇ ಜಾಗದಲ್ಲಿ ಸೀನು, ಅದೇ ಜಾಗದಲ್ಲಿ ಅಂಗಿ.

"ಅರೆ, ಇದು ನನಗೂ ಗೊತ್ತಿರಲಿಲ್ಲವಲ್ಲ."

ಹಾಲಿನಲ್ಲಿ ಮೌನ ಕವಿಯಿತು. ಮೌನಗಳಲ್ಲಿ ಹಲವು ಬಗೆ. ಗೊರಕೆಗೆ ಮುಂಚಿನದು ಒಂದು, ಕೆಲಸ ಹೋಗುವುದಕ್ಕೆ ಮುಂಚಿನದು ಇನ್ನೊಂದು. ಮೇಷ್ಟ್ರಿಗೆ ಈಗ ಎರಡರ ವ್ಯತ್ಯಾಸ ತಿಳಿಯಿತು.

"ಈ ಸಲವೂ ಗೊತ್ತಿರಲಿಲ್ಲವಾ?" ಎಂದರು ಇನ್‌ಸ್ಪೆಕ್ಟರ್ ಮೇಡಂ.

"ಮೇಡಂ," ಎಂದ ಆಕ್ಷಿ ಮುಂದೆ ಬಂದು, "ನನ್ನ ಸೀನು ಚೆನ್ನಾಗಿತ್ತಾ? ಮೊನ್ನೆ ತಾಲೀಮಲ್ಲಿ ಇನ್ನೂ ಚೆನ್ನಾಗಿ ಬಂದಿತ್ತು."

ಇನ್‌ಸ್ಪೆಕ್ಟರ್ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಮಕ್ಕಳನ್ನ ಅವರವರ ಕೋಣೆಗೆ ಕಳಿಸಿ" ಎಂದು ಹೆಡ್ ಮೇಡಂ ಕಡೆ ತಿರುಗಿ ಹೇಳಿದರು. ಅದರ ಅರ್ಥ ಏನೆಂದು ಆ ಹಾಲಿನಲ್ಲಿ ಬಿಡಿಸಿ ಹೇಳಬೇಕಾದವರು ಯಾರೂ ಇರಲಿಲ್ಲ. ಮೇಷ್ಟ್ರ ಕೈಯಿಂದ ಸೀಟಿ ಜಾರಿತು.

ಮಹಾರಾಣಿ ಕುರ್ಚಿಯ ಬ್ರೇಕು ಎಳೆದಳು.

"ನಾವು ಹೋಗಲ್ಲ ಮೇಡಂ. ನಮ್ಮ ತಪ್ಪೇನಿದೆ? ನಮಗೆ ಹೊಳೆಯುತ್ತೆ. ಸರ್‌ಗೇ ಹೊಳೆಯಲ್ಲ. ಎಷ್ಟು ಹೊತ್ತು ಕಾದ್ರೂ ಹೊಳೆಯಲ್ಲ. ಅದಕ್ಕೆ ಪಾಪ ಅಂತ ಅವರು ಹೇಳಿದ್ದನ್ನೇ ಮಾಡ್ತಿದ್ವಿ."

"ಬೇಜಾರು ಮಾಡ್ಕೋಬಾರದಲ್ಲ ಅಂತ" ಎಂದು ರೇಡಿಯೊ ಸೇರಿಸಿದ.

ಇನ್‌ಸ್ಪೆಕ್ಟರ್ ಮೇಡಂ ಮೇಷ್ಟ್ರನ್ನು ನೋಡಿದರು. "ಹೌದೇನ್ರೀ?"

ಮೇಷ್ಟ್ರು ಹೇಳಿದರು. "ತರಬೇತಿಯಲ್ಲಿ ನಾನು ಮಲಗಿಬಿಟ್ಟಿದ್ದೆ ಮೇಡಂ. ಬೀಜ ಅಂದ್ರು, ಮಲಗಿದೆ. ಬಂಡೆ ಅಂದ್ರು, ಆಗಲೂ ಮಲಗಿದೆ. ಮಕ್ಕಳದ್ದು ಏನೂ ತಪ್ಪಿಲ್ಲ."

ಇನ್‌ಸ್ಪೆಕ್ಟರ್ ಮೇಡಂ ಕನ್ನಡಕ ಇಳಿಸಿದರು. ಮಹಾರಾಣಿಗೆ ಹೇಳಿದರು. "ಹಾಗಾದ್ರೆ ಇವರಿಗೆ ನೀವೇ ಕಲಿಸಿ. ನೋಡ್ತೀನಿ. ಬಟ್ಟೆ ಬೇಡ, ನನಗೂ ಸಾಕಾಗಿದೆ."

ಮಕ್ಕಳು ಗುಂಪುಗೂಡಿ ಪಿಸುಗುಟ್ಟಲಿಲ್ಲ, ಬೆರಳು ಗಲ್ಲಕ್ಕೆ ಹೋಗಲಿಲ್ಲ. "ಸರ್ ಒಂದು ಬಾಗಿಲು" ಎಂದ ರೇಡಿಯೊ. "ಹಳೇ ಬಾಗಿಲು. ಕಿರ್ರ್ ಅನ್ನುತ್ತೆ." ಇಬ್ಬರು ಮೇಷ್ಟ್ರನ್ನು ತಳ್ಳಿಕೊಂಡು ಹಾಲಿನ ನಡುವೆ ನಿಲ್ಲಿಸಿದರು.

"ಎಷ್ಟನೇ ಎಣಿಕೆಗೆ ತೆಗೀಲಿ?" ಎಂದರು ಬಾಗಿಲು.

"ಎಣಿಸೋ ಬಾಗಿಲು ಎಲ್ಲಾದ್ರೂ ಇದೆಯಾ ಸರ್? ಯಾರಾದ್ರೂ ಬಂದ್ರೆ ತೆಗೀರಿ. ಬೇಡ ಅನ್ನಿಸಿದ್ರೆ ತೆಗೀಬೇಡಿ."

ಒಬ್ಬಳು ಬಂದು ತಟ್ಟಿದಳು. ಒಬ್ಬ ಭುಜ ಕೊಟ್ಟು ನೂಕಿದ. ಒಬ್ಬ ಬಾಗಿಲಿಗೆ ಕಿವಿಯಿಟ್ಟು ಒಳಗೆ ಯಾರೋ ಜಗಳವಾಡುತ್ತಿದ್ದಾರೆಂದು ವಾಪಸು ಹೋದ. ಆಕ್ಷಿ ಬಾಗಿಲೇ ಬೇಡವೆಂದು ಮೇಷ್ಟ್ರ ಕಾಲುಗಳ ನಡುವೆ ನುಸುಳಿದ. ಮಹಾರಾಣಿ ಎದುರಿಗೆ ಬಂದು ನಿಂತಳು.

"ಅಗಲ ಸಾಲದು ಸರ್. ನನ್ನ ಗಾಡಿ ಹಿಡಿಸಲ್ಲ."

ಮೇಷ್ಟ್ರು ಕಾಲು ಅಗಲಿಸಿದರು.

"ಇನ್ನೂ."

ಇನ್ನೂ ಅಗಲಿಸಿದರು. ಎಲ್ಲೋ ಏನೋ ಪರ್ರೆಂದು ಹರಿಯಿತು. ಅದೊಂದು ನಿಜವಾಗಿ ಅವರಿಗೂ ಗೊತ್ತಿರಲಿಲ್ಲ. ಬಾಗಿಲು ಕೀಲು ಸಮೇತ ಕಳಚಿ ನೆಲಕ್ಕೆ ಬಿತ್ತು. ಕೂಡಲೇ ನಾಲ್ಕು ಜನ ಬಡಗಿಗಳಾದರು. ಅಳತೆ ತೆಗೆದರು, ಮೊಣಕಾಲಿಗೆ ಮೊಳೆ ಹೊಡೆದರು, ಎತ್ತಿ ನಿಲ್ಲಿಸಿದರು. ಒರಗಿಸಲು ಗೋಡೆ ಬೇಕೆಂದು ಹೆಡ್ ಮೇಡಂ ಅವರನ್ನು ಕರೆತಂದು ನಿಲ್ಲಿಸಿದರು. ಹೆಡ್ ಮೇಡಂ ಉಸಿರು ಬಿಗಿಹಿಡಿದು ಗೋಡೆಯಾದರು. ಹಾಲಿನ ತುಂಬ ಯಾರು ಮುಂದಿನ ತರಗತಿಯವರು, ಯಾರು ಹಿಂದಿನ ಕೋಣೆಯವರು ಎಂದು ಹೇಳುವುದು ಕಷ್ಟವಿತ್ತು. ಗಾಲಿಕುರ್ಚಿಯನ್ನು ಬಿಟ್ಟರೆ ಗುರುತೇ ಇರಲಿಲ್ಲ, ಅದರ ಮೇಲೂ ಈಗ ಮೂವರು ಹತ್ತಿದ್ದರು.

ಎಲ್ಲರೂ ಒಳಗಾದ ಮೇಲೆ, ಬಾಗಿಲು ಮುಚ್ಚಿದ ಮೇಲೆ, ಆಮೇಲೆ ಬಂದಳು.

ಮೇಷ್ಟ್ರ ಎದೆಯ ಮೇಲೆ ಒಂದೇ ಬೆರಳಿನಿಂದ ತಟ್ಟಿದಳು. ಯಾರೂ ಹೇಳಿಕೊಡಲಿಲ್ಲ. ಮೇಷ್ಟ್ರು ಅವಳನ್ನು ನೋಡಿದರು, ಅವಳು ಬಾಗಿಲನ್ನು ನೋಡಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಕೊನೆಗೆ ಎಲ್ಲಿಂದಲೋ ಒಂದು ಕಿರ್ರೆಂಬ ಸದ್ದು ಬಂತು. ಅದು ತಮ್ಮ ಗಂಟಲಿಂದಲೇ ಬಂದದ್ದೆಂದು ಮೇಷ್ಟ್ರಿಗೆ ತಡವಾಗಿ ತಿಳಿಯಿತು. ಬಲಗೈ ನಿಧಾನವಾಗಿ, ತುಕ್ಕು ಹಿಡಿದ ಹಾಗೆ ತಡೆತಡೆದು, ತೆರೆದುಕೊಂಡಿತು.

ಆಮೇಲೆ ಒಳಗೆ ಬರಲಿಲ್ಲ. ಯೋಚಿಸಿದಳು. ಆ ಕೈಯನ್ನು ಹಿಡಿದು ಬಾಗಿಲನ್ನು ಹೊರಗಿನಿಂದ ಮುಚ್ಚಿದಳು. ತಿರುಗಿ ಹೋಗಿ ಇನ್‌ಸ್ಪೆಕ್ಟರ್ ಮೇಡಂ ಕೈ ಹಿಡಿದು ಎಬ್ಬಿಸಿ ಕರೆತಂದಳು. ಅವರ ಬೆರಳನ್ನೇ ತೆಗೆದು ಬಾಗಿಲಿಗೆ ತಟ್ಟಿಸಿದಳು.

ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು.

ಬಹಳ ಹೊತ್ತಿನ ಮೇಲೆ ಇನ್‌ಸ್ಪೆಕ್ಟರ್ ಮೇಡಂ ತಮ್ಮ ಕುರ್ಚಿಗೆ ಮರಳಿ, ಕನ್ನಡಕ ಒರೆಸಿ, ಪೆನ್ನಿನ ಮುಚ್ಚಳ ತೆಗೆದರು. ಹೆಡ್ ಮೇಡಂ ಇನ್ನೂ ಗೋಡೆಯಾಗಿಯೇ ನಿಂತು, "ಮೇಡಂ, ಕ್ಲಾಸು?" ಎಂದರು.

"ಒಬ್ಬರನ್ನ ಬಿಟ್ರೆ ಇಲ್ಲಿ ಎಲ್ಲರಿಗೂ ಚೆನ್ನಾಗಿ ಬರುತ್ತೆ. ಆ ಒಬ್ಬರು ತುಂಬಾ ಹಿಂದೆ ಇದ್ದಾರೆ. ಇವತ್ತು ಈಗಷ್ಟೇ ಒಂಚೂರು ತೆರ್ಕೊಂಡಿದ್ದಾರೆ. ಈಗ ಕ್ಲಾಸು ಮುಚ್ಚಿಬಿಟ್ರೆ ಅವರ ಗತಿ ಏನು ಹೇಳಿ? ನಡೀಲಿ. ಈ ಎಲ್ಲ ಮಕ್ಕಳೂ ಇರಲೇಬೇಕು, ಅವರಿಗೆ ಕಲಿಸೋಕೆ ಇಷ್ಟೂ ಜನ ಬೇಕಾಗುತ್ತೆ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕೂಡ, ಪಾಪ, ಯಾರದು ಎಂದು ಕನಿಕರದಿಂದ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಗೋಡೆಯಾಗಿದ್ದ ಹೆಡ್ ಮೇಡಂ ಬಿಟ್ಟರೆ ಯಾರೂ ಇರಲಿಲ್ಲ.

ಮನೆಯಲ್ಲಿ ಷಡ್ಡಕ ಸಮಾಧಾನದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡು ಕಾದಿದ್ದ. ಮೇಷ್ಟ್ರು ಹರಿದ ಪ್ಯಾಂಟಿಗೆ ಚೀಲ ಅಡ್ಡ ಹಿಡಿದುಕೊಂಡು ಒಳಗೆ ಬಂದರು.

"ಏನಾಯ್ತು ರೀ?" ಎಂದಳು ಹೆಂಡತಿ.

"ಮಕ್ಕಳೆಲ್ಲ ಪಾಸು. ಕ್ಲಾಸು ಉಳೀತು."

"ಮತ್ತೆ ನೀವಣ್ಣ?" ಎಂದ ಷಡ್ಡಕ.

"ನಾನು ಫೇಲು. ಅದೇ ಕ್ಲಾಸಲ್ಲೇ ಕೂರಿಸಿದ್ದಾರೆ" ಎಂದು ಹೇಳಿ ಮೇಷ್ಟ್ರು ಎಂಥ ಹೆಮ್ಮೆಯ ಮುಖ ಮಾಡಿದರೆಂದರೆ, ಷಡ್ಡಕ ತನಗೇ ಅರಿವಿಲ್ಲದೆ ಎದ್ದು ಕೈ ಕುಲುಕಿ ಅಭಿನಂದನೆ ಹೇಳಿಬಿಟ್ಟ.